ನಡುಗುವ ಕೈಯ ತಾಳ ತಪ್ಪಿಸುವ ಬಗೆ

ಕೇಳುಗರಿಗೆಲ್ಲ ನಮಸ್ಕಾರ.

ಕೈ ಬಿಡುವಾಗಿದ್ದರೆ ಈಗಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಕೈಯನ್ನು ನೇರವಾಗಿ ಮುಂದಕ್ಕೆ ಚಾಚಿ, ಅಂಗೈ ಕೆಳಗಾಗಿ ಹಿಡಿಯಿರಿ. ಬೆರಳುಗಳ ಮೇಲೆ ಒಂದು ತೆಳುವಾದ ಕಾಗದ ಇಡಿ. ಅದರ ಅಂಚನ್ನೇ ಗಮನಿಸಿ. ಸಣ್ಣಗೆ ಅದುರುತ್ತಿದೆ, ಅಲ್ವಾ? ಗಾಬರಿ ಬೇಡ. ಆರೋಗ್ಯವಾಗಿರುವ ಎಲ್ಲರ ಕೈಯೂ ಹೀಗೆ ಅದುರುತ್ತದೆ, ಸೆಕೆಂಡಿಗೆ ಸುಮಾರು 8ರಿಂದ 12 ಸಲ. ಇದು ಎಷ್ಟು ಸಣ್ಣದೆಂದರೆ ಕಾಗದ ಇಡದಿದ್ದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕೆಲವರಿಗೆ ಈ ಅದುರು ದೊಡ್ಡ ನಡುಕವಾಗಿ ಬರುತ್ತದೆ. ಲೋಟದ ನೀರು ತುಳುಕುತ್ತದೆ. ಅಂಗಿಯ ಗುಂಡಿ ತೂತಿಗೆ ಸೇರುವುದಿಲ್ಲ. ಸಹಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಇಂಥ ನಡುಕವನ್ನು ತಲೆಬುರುಡೆ ಕೊರೆಯದೆ, ಮೈ ಕುಯ್ಯದೆ, ಚರ್ಮದ ಹೊರಗಿನಿಂದ ಸಣ್ಣ ವಿದ್ಯುತ್ತಿನಿಂದಲೋ ಅಯಸ್ಕಾಂತದಿಂದಲೋ ತಗ್ಗಿಸಬಹುದೇ? ಇವತ್ತು ಮಾತಾಡಬೇಕೆಂದಿರುವುದು ಇದರ ಬಗ್ಗೆ. ತಗ್ಗಿಸಬಹುದು ಅನ್ನುವುದಕ್ಕೆ ಆಧಾರಗಳಿವೆ. ಎಷ್ಟು, ಯಾರಿಗೆ, ಎಷ್ಟು ಹೊತ್ತು ಅನ್ನುವುದನ್ನು ಮಾತ್ರ ಬಿಡಿಸಿ ಹೇಳಬೇಕಾಗುತ್ತದೆ.

ಮೊದಲಿಗೆ, ಎಲ್ಲ ನಡುಕವೂ ಒಂದೇ ಅಲ್ಲ. ಕೈ ನಡುಗಿತೆಂದರೆ ಜನ ಥಟ್ಟನೆ ಪಾರ್ಕಿನ್ಸನ್ಸ್ ಅನ್ನುತ್ತಾರೆ. ಆದರೆ ಎಸೆನ್ಷಿಯಲ್ ಟ್ರೆಮರ್ ಎಂಬ ಇನ್ನೊಂದು ತೊಂದರೆ ಪಾರ್ಕಿನ್ಸನ್ಸ್‌ಗಿಂತ ಜಾಸ್ತಿ ಜನರಿಗೆ ಇದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೇ ಗಮನಿಸಬಹುದು. ಪಾರ್ಕಿನ್ಸನ್ಸ್‌ನಲ್ಲಿ ಕೈ ಸುಮ್ನೆ ತೊಡೆಯ ಮೇಲೆ ಮಲಗಿರುವಾಗ ನಡುಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳು ಸಣ್ಣ ಗುಳಿಗೆಯನ್ನು ಉರುಳಿಸುವ ಹಾಗೆ ಆಡುತ್ತಿರುತ್ತವೆ. ಸೆಕೆಂಡಿಗೆ 4ರಿಂದ 6 ಸಲ. ಏನನ್ನಾದರೂ ಹಿಡಿಯಲು ಕೈ ಎತ್ತಿದರೆ ನಡುಕ ಒಂದು ಕ್ಷಣ ಅಡಗುತ್ತದೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರೆ, ಮನಸ್ಸು ಲೆಕ್ಕದ ಕಡೆ ಹೋದಾಗ ಕೈ ಮತ್ತಷ್ಟು ಆಡುತ್ತದೆ. ಸಾಮಾನ್ಯವಾಗಿ ಇದು ಒಂದೇ ಬದಿಯಲ್ಲಿ ಶುರುವಾಗುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ಬಿಡಿಸಿ ಬರೆದ. ಅವನ ಹುಟ್ಟಿದ ದಿನವಾದ ಏಪ್ರಿಲ್ 11ನ್ನೇ ವಿಶ್ವ ಪಾರ್ಕಿನ್ಸನ್ಸ್ ದಿನವಾಗಿ ಆಚರಿಸುತ್ತಾರೆ.

ಎಸೆನ್ಷಿಯಲ್ ಟ್ರೆಮರ್ ಇದಕ್ಕೆ ಉಲ್ಟಾ. ಕೈ ವಿಶ್ರಾಂತಿಯಲ್ಲಿದ್ದಾಗ ಶಾಂತ. ಲೋಟ ಎತ್ತಿದಾಗ, ಪೆನ್ನು ಹಿಡಿದಾಗ, ಬೀಗಕ್ಕೆ ಕೀಲಿ ಹಾಕಲು ಹೋದಾಗ ನಡುಕ ಏಳುತ್ತದೆ. ಸಾಮಾನ್ಯವಾಗಿ ಎರಡೂ ಕೈಗೆ ಬರುತ್ತದೆ. ಕೆಲವರಿಗೆ ತಲೆ ಮತ್ತು ದನಿಯೂ ನಡುಗುತ್ತವೆ. ಎಷ್ಟೋ ಮನೆಗಳಲ್ಲಿ ಇದು ತಂದೆ ತಾಯಿಯಿಂದ ಮಕ್ಕಳಿಗೆ ಬಂದಿರುತ್ತದೆ. ಅಕ್ಷರದಲ್ಲೂ ಗುರುತು ಸಿಗುತ್ತದೆ. ಪಾರ್ಕಿನ್ಸನ್ಸ್ ಇದ್ದವರ ಅಕ್ಷರ ಸಾಲು ಮುಗಿಯುವ ಹೊತ್ತಿಗೆ ಕುಗ್ಗಿ ಇರುವೆಯಷ್ಟಾಗುತ್ತದೆ. ಎಸೆನ್ಷಿಯಲ್ ಟ್ರೆಮರ್ ಇದ್ದವರ ಅಕ್ಷರ ದೊಡ್ಡದಾಗಿ, ಅಂಕುಡೊಂಕಾಗಿ ಇರುತ್ತದೆ.

ಈ ಎರಡನೆಯ ಗುಂಪಿನವರ ಬಗ್ಗೆ ನನಗೆ ಒಂದು ಸಂಕಟವಿದೆ. ನಾಲ್ಕು ಜನರ ಮುಂದೆ ಇವರ ಕೈ ನಡುಗಿದರೆ, ಹೆದರಿದ್ದಾರೆ ಅನ್ನುತ್ತಾರೆ. ಇಲ್ಲವಾದರೆ ಕುಡಿತದ ಅಭ್ಯಾಸ ಇರಬೇಕು ಅನ್ನುತ್ತಾರೆ. ಹೀಗಾಗಿ ಇವರು ಮದುವೆಮನೆಗೆ ಹೋಗುವುದನ್ನು ಬಿಡುತ್ತಾರೆ, ಸಹಿ ಹಾಕಬೇಕಾದ ಕಡೆ ಬೇರೆಯವರನ್ನು ಕಳಿಸುತ್ತಾರೆ, ಕೈಯನ್ನು ಜೇಬಿನಲ್ಲಿ ಬಚ್ಚಿಡುತ್ತಾರೆ. ಈ ಕಾಯಿಲೆಯಿಂದ ಜೀವಕ್ಕೆ ಅಪಾಯವಿಲ್ಲ, ನಿಜ. ಆದರೆ ಬದುಕನ್ನು ಇಷ್ಟಿಷ್ಟೇ ಕಿರಿದು ಮಾಡುತ್ತಾ ಹೋಗುತ್ತದೆ. ಇಂಥವರಿಗೆ ಒಂದು ಗಂಟೆಯ ಮಟ್ಟಿಗೆ ಕೈ ನಿಂತರೂ ಅದು ಸಣ್ಣ ವಿಷಯವಲ್ಲ.

ಹೊರಗಿನಿಂದ ನಡುಕ ತಡೆಯುವ ವಿದ್ಯೆಗೆಲ್ಲ ಆಧಾರವಾಗಿರುವುದು ಒಂದು ಸಂಗತಿ. ನಡುಕಕ್ಕೆ ತಾಳವಿದೆ. ಅದು ಅಡ್ಡಾದಿಡ್ಡಿ ಅಲುಗಾಟವಲ್ಲ. ತಲೆಯ ಹಿಂಭಾಗದಲ್ಲಿ ಕಿರುಮೆದುಳಿದೆ. ಮೆದುಳಿನ ನಡುವೆ ಥಾಲಮಸ್ ಎಂಬ ಭಾಗವಿದೆ. ಮೇಲ್ಪದರದಲ್ಲಿ ಸ್ನಾಯುಗಳಿಗೆ ಆಜ್ಞೆ ಕೊಡುವ ಜಾಗವಿದೆ. ಈ ಮೂರೂ ಒಂದಕ್ಕೊಂದು ಸುತ್ತಾಗಿ ಹೆಣೆದುಕೊಂಡು, ಕೈ ಎಲ್ಲಿದೆ, ಎಷ್ಟು ಬಲ ಬೇಕು ಎಂದು ಸದಾ ಮಾತಾಡಿಕೊಳ್ಳುತ್ತಿರುತ್ತವೆ. ನಡುಕ ಇರುವವರಲ್ಲಿ ಈ ಸುತ್ತಿನ ನರಕೋಶಗಳು ಗುಂಪುಗುಂಪಾಗಿ ಒಟ್ಟಿಗೇ ಮಿಡಿಯತೊಡಗುತ್ತವೆ. ಪಾರ್ಕಿನ್ಸನ್ಸ್‌ನಲ್ಲಿ, ನರಕೋಶಗಳ ನಡುವೆ ಸುದ್ದಿ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿ, ಮೆದುಳಿನ ಆಳದ ಬೇರೆ ಗಂಟುಗಳೂ ಇದಕ್ಕೆ ಸೇರುತ್ತವೆ. ಆ ಒಟ್ಟು ಮಿಡಿತವೇ ಸ್ನಾಯುವಿಗೆ ಇಳಿದು ಕೈಯಲ್ಲಿ ಕಾಣಿಸುತ್ತದೆ. ತಾಳ ಇದೆ ಎಂದ ಮೇಲೆ ಅದನ್ನು ತಪ್ಪಿಸಲೂ ಸಾಧ್ಯ. ಹೊರಗಿನ ಪ್ರಚೋದನೆ ನೆಚ್ಚಿಕೊಂಡಿರುವುದು ಇದನ್ನೇ.

ಮಾತ್ರೆ ಮತ್ತು ಶಸ್ತ್ರಚಿಕಿತ್ಸೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಎಸೆನ್ಷಿಯಲ್ ಟ್ರೆಮರ್‌ಗೆ ಪ್ರೊಪ್ರನೊಲಾಲ್ ಮತ್ತು ಪ್ರಿಮಿಡೋನ್ ಹಳೆಯ ಔಷಧಗಳು. ಮೊದಲನೆಯದು ಆಸ್ತಮಾ ಇರುವವರಿಗೆ ಆಗದು. ಎರಡನೆಯದು ತೂಕಡಿಕೆ ತರುತ್ತದೆ. ಪಾರ್ಕಿನ್ಸನ್ಸ್‌ಗೆ ಲೆವೊಡೋಪಾ ಇದೆ. ಅದು ಬಿಗಿತ, ನಿಧಾನಗತಿಗಳಿಗೆ ಚೆನ್ನಾಗಿ ಕೆಲಸ ಮಾಡಿದರೂ ನಡುಕ ಕೆಲವೊಮ್ಮೆ ಅದಕ್ಕೆ ಬಗ್ಗುವುದಿಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ಅಲೀಮ್ ಲೂಯಿ ಬೆನಬೀದ್ ಎಂಬ ಶಸ್ತ್ರವೈದ್ಯ ಥಾಲಮಸ್ಸಿಗೆ ತಂತಿ ಇಳಿಸಿ, ಸೆಕೆಂಡಿಗೆ ನೂರಕ್ಕೂ ಜಾಸ್ತಿ ಮಿಡಿತಗಳನ್ನು ಕೊಟ್ಟು ನಡುಕ ನಿಲ್ಲಿಸಿದ. ಅದೇ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಇವತ್ತಿಗೂ ಜೋರು ನಡುಕಕ್ಕೆ ಅದರಷ್ಟು ಬಲವಾದ ಚಿಕಿತ್ಸೆಗಳು ಕಡಿಮೆ. ಇನ್ನೊಂದು, ಅಲ್ಟ್ರಾಸೌಂಡ್ ಅಲೆಗಳನ್ನು ಒಂದೇ ಬಿಂದುವಿಗೆ ಸೇರಿಸಿ ಥಾಲಮಸ್ಸಿನ ಚೂರು ಜಾಗವನ್ನು ಸುಡುವ ವಿಧಾನ. ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಚಾಕು ಇಲ್ಲ ಅನ್ನುವುದು ನಿಜ, ಆದರೆ ಸುಟ್ಟ ಜಾಗ ಮತ್ತೆ ಬರುವುದಿಲ್ಲ. ಹಾಗಾಗಿ ನಾನು ಅದನ್ನು ಇವತ್ತಿನ ಮಾತಿಗೆ ಸೇರಿಸಿಕೊಳ್ಳುವುದಿಲ್ಲ. ಒಳಗೆ ಏನನ್ನೂ ಇಡದೆ, ಏನನ್ನೂ ಕೆಡಿಸದೆ, ಬೇಡವೆನಿಸಿದಾಗ ನಿಲ್ಲಿಸಬಹುದಾದ ವಿಧಾನಗಳಷ್ಟೇ ನಮ್ಮ ವಿಷಯ.

ಅವುಗಳಲ್ಲಿ ಜನರ ಕೈಗೆ ನಿಜವಾಗಿ ತಲುಪಿರುವುದು ಮಣಿಕಟ್ಟಿನ ಪಟ್ಟಿ. ಕಾಲಾ ಟ್ರಿಯೊ ಎಂಬ ಪಟ್ಟಿಗೆ ಎಫ್‌ಡಿಎ 2018ರಲ್ಲಿ ಎಸೆನ್ಷಿಯಲ್ ಟ್ರೆಮರ್‌ಗೆಂದು ಅನುಮತಿ ಕೊಟ್ಟಿತು. ನೋಡಲು ದಪ್ಪನೆಯ ಕೈಗಡಿಯಾರದ ಹಾಗಿದೆ. ಪಟ್ಟಿಯ ಒಳಮೈಯಲ್ಲಿ ಚರ್ಮಕ್ಕೆ ತಾಗುವ ಎಲೆಕ್ಟ್ರೋಡುಗಳಿವೆ. ಅಂಗೈ ಬದಿಯಲ್ಲಿ ಮೀಡಿಯನ್ ಎಂಬ ನರ ಹಾದುಹೋಗುತ್ತದೆ, ಹೆಬ್ಬೆರಳಿನ ಹಿಂಬದಿಯಲ್ಲಿ ರೇಡಿಯಲ್ ಎಂಬ ನರ. ಎಲೆಕ್ಟ್ರೋಡುಗಳು ಕೂರುವುದು ಈ ಎರಡರ ಮೇಲೆ.

ಅದು ಕೆಲಸ ಮಾಡುವ ಬಗೆ ನನಗೆ ಬಹಳ ಇಷ್ಟ. ಮೊದಲು ಹಾಕಿಕೊಂಡವರು ತಮ್ಮ ನಡುಕ ಏಳುವ ಒಂದು ಭಂಗಿಯಲ್ಲಿ ಕೈ ಹಿಡಿಯುತ್ತಾರೆ. ಲೋಟವನ್ನು ಬಾಯಿಯ ಹತ್ತಿರ ತಂದ ಹಾಗೆ ಎಂದುಕೊಳ್ಳಿ. ಪಟ್ಟಿಯೊಳಗಿನ ಚಲನೆ ಅಳೆಯುವ ಚಿಪ್, ಈ ಕೈ ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ ಎಂದು ಎಣಿಸುತ್ತದೆ. ಐದು ಸಲ ಎಂದಿಟ್ಟುಕೊಳ್ಳಿ. ಆಮೇಲೆ ಪಟ್ಟಿ ಅದೇ ವೇಗದಲ್ಲಿ ಎರಡು ನರಗಳಿಗೆ ಒಂದಾದ ಮೇಲೆ ಒಂದರಂತೆ ಮಿಡಿತಗಳ ಸಣ್ಣ ಕಂತು ಕಳಿಸುತ್ತದೆ. ಒಂದು ಸಲ ಇದಕ್ಕೆ, ಒಂದು ಸಲ ಅದಕ್ಕೆ. ಅಂಗೈಯಲ್ಲಿ, ಬೆರಳುಗಳಲ್ಲಿ ಜುಮ್ಮೆನ್ನುತ್ತದೆ. ನೋಯಬಾರದು, ಸ್ನಾಯು ಎಳೆಯಬಾರದು. ಹೀಗೆ 40 ನಿಮಿಷ.

ಮಣಿಕಟ್ಟಿಗೆ ಕೊಟ್ಟದ್ದು ಮೆದುಳಿಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬಹುದು. ಕೈಯ ಸ್ಪರ್ಶದ ಸುದ್ದಿ, ಅದು ಎಲ್ಲಿದೆ ಎಂಬ ಸುದ್ದಿ, ಎರಡೂ ಥಾಲಮಸ್ ದಾಟಿಯೇ ಮೇಲೆ ಹೋಗಬೇಕು. ನಡುಕದ ಸುತ್ತು ಹಾದುಹೋಗುವುದೂ ಅಲ್ಲೇ. ಬೆನಬೀದ್ ತಂತಿ ಇಳಿಸಿದ್ದೂ ಅಲ್ಲಿಗೇ. ಎರಡು ನರಗಳಿಂದ ಬೇರೆ ಬೇರೆ ಕ್ಷಣಕ್ಕೆ ಬರುವ ಸುದ್ದಿ ಅಲ್ಲಿನ ಬೇರೆ ಬೇರೆ ನರಕೋಶಗಳನ್ನು ಎಬ್ಬಿಸುತ್ತದೆ. ಒಟ್ಟಿಗೆ ಮಿಡಿಯುತ್ತಿದ್ದ ಗುಂಪು ಚದುರುತ್ತದೆ. ವಿವರಣೆಯ ಸಾರ ಇಷ್ಟು. ಮೆದುಳಿನ ಬಾಗಿಲಿಗೆ ಕೈಯೇ ದಾರಿಯಾಗುತ್ತದೆ ಎಂಬ ಯೋಚನೆ ಹೊಳೆದವರನ್ನು ಮೆಚ್ಚಲೇಬೇಕು.

ಫಲ ಹೇಗಿದೆ? 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 263 ಜನ ಸೇರಿದ್ದರು. ಮನೆಯಲ್ಲೇ, ದಿನಕ್ಕೆ ಎರಡು ಸಲ, ಮೂರು ತಿಂಗಳು ಪಟ್ಟಿ ಬಳಸಿದರು. ಪಟ್ಟಿಯ ಅಳತೆಯ ಪ್ರಕಾರ 92 ಶೇಕಡಾ ಜನರ ನಡುಕ ಒಂದಿಷ್ಟಾದರೂ ತಗ್ಗಿತ್ತು. 54 ಶೇಕಡಾ ಜನರಲ್ಲಿ ನಡುಕದ ಬಲ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇಳಿದಿತ್ತು. 18 ಶೇಕಡಾ ಜನರಿಗೆ ಸಣ್ಣಪುಟ್ಟ ತೊಂದರೆಗಳಾದವು, ಮಣಿಕಟ್ಟಿನಲ್ಲಿ ಕಿರಿಕಿರಿ, ಚರ್ಮ ಕೆಂಪಾಗುವುದು, ಇಂಥವು. ಪಟ್ಟಿಯಿಂದ ಗಂಭೀರ ಅಪಾಯ ಯಾರಿಗೂ ಆಗಲಿಲ್ಲ. ಒಂದು ಸಲದ ಬಳಕೆಯ ಫಲ ಬಹಳ ಜನರಿಗೆ ಒಂದು ಗಂಟೆಯ ಆಸುಪಾಸು ಉಳಿಯುತ್ತದೆ. ಹಾಗಾಗಿ ಊಟಕ್ಕೆ ಮುಂಚೆ, ಬರೆಯುವ ಕೆಲಸಕ್ಕೆ ಮುಂಚೆ ಹಾಕಿಕೊಳ್ಳುವುದು ವಾಡಿಕೆ.

ಕೇಳಲು ಖುಷಿಯಾಗುತ್ತದೆ, ಅಲ್ವಾ? ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಹುಸಿ ಪಟ್ಟಿ ಹಾಕಿಕೊಂಡ ಗುಂಪು ಇರಲಿಲ್ಲ. ಎಲ್ಲರಿಗೂ ನಿಜವಾದ ಪಟ್ಟಿಯೇ ಸಿಕ್ಕಿತ್ತು, ಅದು ಅವರಿಗೆ ಗೊತ್ತೂ ಇತ್ತು. ಅದಕ್ಕೂ ಮುಂಚೆ 77 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಹುಸಿ ಪಟ್ಟಿಯ ಗುಂಪೂ ಇತ್ತು. ಅಲ್ಲಿ ಮುಖ್ಯವಾಗಿ ಅಳೆದದ್ದು ಸುರುಳಿ ಗೆರೆ ಎಳೆಯುವ ಕೆಲಸವನ್ನು. ಅದರಲ್ಲಿ ನಿಜ ಪಟ್ಟಿಗೂ ಹುಸಿ ಪಟ್ಟಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೈ ಚಾಚಿ ಹಿಡಿಯುವುದೇ ಮೊದಲಾದ ಬೇರೆ ಅಳತೆಗಳನ್ನು ಕೂಡಿಸಿದಾಗ ನಿಜ ಪಟ್ಟಿ ಮುಂದಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋಚುವುದು ಹೀಗೆ. ಪಟ್ಟಿಯಲ್ಲಿ ಸತ್ವ ಇದೆ, ಆದರೆ ಜಾಹೀರಾತು ಹೇಳುವಷ್ಟು ಇಲ್ಲ.

ಈ ಹುಸಿ ಚಿಕಿತ್ಸೆಯ ಹೋಲಿಕೆ ಯಾಕಿಷ್ಟು ಮುಖ್ಯ ಅನ್ನುವುದಕ್ಕೆ ಹಳೆಯ ಕಥೆ ಒಂದಿದೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೊ ಎಂಬ ಹೆಸರಾಂತ ನರವೈದ್ಯ ಇದ್ದ. ಈ ಕಾಯಿಲೆಗೆ ಪಾರ್ಕಿನ್ಸನ್‌ನ ಹೆಸರು ನಿಲ್ಲುವಂತೆ ಮಾಡಿದವನೇ ಅವನು. ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಬಂದ ರೋಗಿಗಳು, ಮೈ ಹಗುರಾಯಿತು ಎಂದು ಹೇಳುವುದು ಅವನ ಕಿವಿಗೆ ಬಿತ್ತು. ಸರಿ, ಗಡಗಡ ಅಲುಗಾಡುವ ಒಂದು ಕುರ್ಚಿಯನ್ನೇ ಮಾಡಿಸಿದ. 1892ರಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟ. ಕೂತೆದ್ದವರು ಹಾಯೆನಿಸಿತು, ನಿದ್ದೆ ಚೆನ್ನಾಗಿ ಬಂತು ಎಂದರು. ಮರುವರ್ಷವೇ ಶಾರ್ಕೊ ತೀರಿಕೊಂಡ. ಕುರ್ಚಿ ಮೂಲೆ ಸೇರಿತು.

ನೂರು ವರ್ಷ ದಾಟಿದ ಮೇಲೆ ಷಿಕಾಗೋದ ವೈದ್ಯರು ಅಂಥದ್ದೇ ಕುರ್ಚಿ ಇಟ್ಟು ಸರಿಯಾಗಿ ಪರೀಕ್ಷೆ ಮಾಡಿದರು. ಫಲಿತಾಂಶ 2012ರಲ್ಲಿ ಬಂತು. ಕೆಲವರಿಗೆ ಅಲುಗಾಡುವ ಕುರ್ಚಿ. ಉಳಿದವರಿಗೆ ಅಲುಗಾಡದ ಕುರ್ಚಿ, ಜೊತೆಗೆ ಕಿವಿಗೆ ಹಿತವಾದ ಶಬ್ದ. ಎರಡೂ ಗುಂಪಿನವರು ಸುಧಾರಿಸಿದರು! ಒಂದಕ್ಕಿಂತ ಇನ್ನೊಂದು ಮೇಲು ಅನ್ನುವಂತಿರಲಿಲ್ಲ. ಹಾಗಂತ ಆ ರೋಗಿಗಳು ಸುಳ್ಳು ಹೇಳಿದರು ಎಂದು ತಿಳಿಯಬೇಡಿ. ಕೆನಡಾದ ವ್ಯಾಂಕೂವರ್‌ನಲ್ಲಿ 2001ರಲ್ಲಿ ಪಾರ್ಕಿನ್ಸನ್ಸ್ ಇರುವವರಿಗೆ ಔಷಧದ ಬದಲು ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಡೋಪಮಿನ್ ನಿಜವಾಗಿಯೇ ಹೊರಬಂದದ್ದು ಕಂಡಿತು. ಗುಣವಾಗುತ್ತದೆ ಎಂಬ ನಿರೀಕ್ಷೆಗೇ ಈ ಕಾಯಿಲೆಯಲ್ಲಿ ಅಷ್ಟು ಬಲವಿದೆ. ಅದಕ್ಕೇ ಯಾವ ಹೊಸ ಯಂತ್ರದ ಸುದ್ದಿ ಬಂದರೂ ನಾನು ಮೊದಲು ಹುಡುಕುವುದು ಹುಸಿ ಗುಂಪು ಇತ್ತೇ ಎಂಬ ಸಾಲನ್ನು.

ಈಗ ಮಣಿಕಟ್ಟು ಬಿಟ್ಟು ತಲೆಗೆ ಬರೋಣ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಗಾರರು 1985ರಲ್ಲಿ ತಲೆಯ ಮೇಲೆ ತಂತಿಸುರುಳಿ ಹಿಡಿದು, ಒಂದು ಕ್ಷಣದ ಬಲವಾದ ಅಯಸ್ಕಾಂತ ಶಕ್ತಿಯಿಂದ ಎದುರು ಬದಿಯ ಕೈ ಮಿಡುಕುವಂತೆ ಮಾಡಿ ತೋರಿಸಿದರು. ಅದೇ ಟಿಎಂಎಸ್. ಮತ್ತೆ ಮತ್ತೆ ಕೊಟ್ಟಾಗ ಮೆದುಳಿನ ಆ ಭಾಗದ ಚುರುಕು ಏರಿಸಬಹುದು ಅಥವಾ ಇಳಿಸಬಹುದು. ಖಿನ್ನತೆಗೆ ಇದನ್ನು ಬಳಸಲು ಅಮೆರಿಕದಲ್ಲಿ 2008ರಲ್ಲೇ ಅನುಮತಿ ಸಿಕ್ಕಿದೆ. ನಡುಕಕ್ಕೆಂದು ಕಿರುಮೆದುಳಿನ ಮೇಲೆ ಕೊಟ್ಟು ನೋಡಿದ್ದಾರೆ. ಗುಂಪುಗಳು ಚಿಕ್ಕವು, ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಇದಕ್ಕಿಂತ ನನ್ನನ್ನು ಜಾಸ್ತಿ ಸೆಳೆದದ್ದು 2013ರಲ್ಲಿ ಆಕ್ಸ್‌ಫರ್ಡ್‌ನವರು ಮಾಡಿದ ಕೆಲಸ. ಉಯ್ಯಾಲೆ ತೂಗುವುದನ್ನು ನೆನೆಸಿಕೊಳ್ಳಿ. ಸರಿಯಾದ ಹೊತ್ತಿಗೆ ತಳ್ಳಿದರೆ ಅದು ಮೇಲೇರುತ್ತದೆ. ಎದುರು ಬರುವಾಗ ತಳ್ಳಿದರೆ ಅಷ್ಟೇ ಬಲಕ್ಕೆ ಸೋತು ನಿಲ್ಲುತ್ತದೆ. ಆಕ್ಸ್‌ಫರ್ಡ್‌ನವರು ಪಾರ್ಕಿನ್ಸನ್ಸ್ ಇರುವವರ ತಲೆಯ ಮೇಲಿಂದ, ಅವರ ನಡುಕದ ವೇಗದಲ್ಲೇ ಏರಿಳಿಯುವ ಬಹಳ ಸಣ್ಣ ವಿದ್ಯುತ್ ಹರಿಸಿದರು. ಆ ಏರಿಳಿತ ನಡುಕದ ಜೊತೆ ಒಂದು ರೀತಿ ಕೂಡಿಕೊಂಡಾಗ ನಡುಕ ಹೆಚ್ಚಿತು. ಇನ್ನೊಂದು ರೀತಿ ಕೂಡಿಕೊಂಡಾಗ ಕಡಿಮೆಯಾಯಿತು. ಕಡಿಮೆಯಾಗುವ ಆ ಹೊತ್ತನ್ನು ಪ್ರತಿಯೊಬ್ಬರಲ್ಲೂ ಹುಡುಕಿ, ಕೈಯ ಚಲನೆಯನ್ನು ಅಳೆಯುತ್ತಾ ಅದೇ ಹೊತ್ತಿಗೆ ವಿದ್ಯುತ್ತನ್ನು ಕಟ್ಟಿಹಾಕಿದರು. ವಿಶ್ರಾಂತಿಯ ನಡುಕ ಸರಾಸರಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅದೇ ವಿದ್ಯುತ್ತು, ಅಷ್ಟೇ ಪ್ರಮಾಣ. ಹೊತ್ತು ಒಂದೇ ಬೇರೆ.

2021ರಲ್ಲಿ ಇನ್ನೊಂದು ತಂಡ ಇದೇ ದಾರಿಯಲ್ಲಿ ಎಸೆನ್ಷಿಯಲ್ ಟ್ರೆಮರ್ ಇರುವವರ ಕಿರುಮೆದುಳಿಗೆ, ನಡುಕವನ್ನು ಆಗಿಂದಾಗ ಅಳೆಯುತ್ತಾ, ಅದಕ್ಕೆ ಹೊಂದಿಸಿ ವಿದ್ಯುತ್ ಕೊಟ್ಟಿತು. ನಡುಕ ತಗ್ಗಿತು, ವಿದ್ಯುತ್ ನಿಂತ ಮೇಲೂ ಸ್ವಲ್ಪ ಹೊತ್ತು ತಗ್ಗೇ ಇತ್ತು. ನಡುಕದ ನಿಯತವಾದ ತಾಳ ಎಷ್ಟು ಕೆಟ್ಟಿತೋ ಅಷ್ಟು ಲಾಭ ಎಂದು ಅವರು ಕಂಡುಕೊಂಡರು. ಇವೆಲ್ಲ ಪ್ರಯೋಗಶಾಲೆಯ ಮಾತು. ಅಂಗಡಿಯಲ್ಲಿ ಕೊಳ್ಳುವ ವಸ್ತುವಾಗಿಲ್ಲ. ಬೆರಳ ತುದಿಗಳನ್ನು ಒಂದು ಕ್ರಮದಲ್ಲಿ ಕಂಪಿಸುವ ಕೈಗವಸಿನ ಸುದ್ದಿಯನ್ನೂ ನೀವು ಕೇಳಿರಬಹುದು. ಸ್ಟ್ಯಾನ್‌ಫರ್ಡ್‌ನ ಪೀಟರ್ ಟಾಸ್ ಅವರ ತಂಡದ ಆ ಕೆಲಸಕ್ಕೆ ಒಳ್ಳೆಯ ತಳಹದಿ ಇದೆ. ಆದರೆ ಮೊದಲ ವರದಿಗಳು ಕೆಲವೇ ಜನರ ಮೇಲಿನವು.

ಇಲ್ಲೇ ಒಂದು ಎಚ್ಚರಿಕೆ. ಸಮಯ ನೋಡದೆ ಬರೀ ಜುಮ್ಮೆನ್ನಿಸುವ, ಬರೀ ಕಂಪಿಸುವ ಪಟ್ಟಿಗಳನ್ನೂ ನಡುಕಕ್ಕೆ ಮದ್ದು ಎಂದು ಮಾರುತ್ತಾರೆ. ನಿಮ್ಮ ಕೈಯ ತಾಳವನ್ನು ಅದು ಅಳೆಯುತ್ತದೆಯೇ ಎಂದು ಕೇಳಿ. ಅಳೆಯದಿದ್ದರೆ, ನಾನು ಹೇಳಿದ ಮಣಿಕಟ್ಟಿನ ಪಟ್ಟಿಯ ಅಧ್ಯಯನಗಳಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಬ್ಯಾಟರಿ ತಂತಿ ಜೋಡಿಸಿಕೊಂಡು ಮನೆಯಲ್ಲೇ ತಲೆಗೆ ವಿದ್ಯುತ್ ಕೊಟ್ಟುಕೊಳ್ಳುವ ಸಾಹಸ ದಯವಿಟ್ಟು ಬೇಡ. ಚರ್ಮ ಸುಡುತ್ತದೆ. ಉಯ್ಯಾಲೆಯ ಮಾತು ನೆನಪಿದೆಯಲ್ಲ, ತಪ್ಪು ಹೊತ್ತಿಗೆ ಕೊಟ್ಟರೆ ನಡುಕ ಏರಲೂಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಮೆದುಳಿನಲ್ಲಿ ಈಗಾಗಲೇ ತಂತಿ ಹಾಕಿಸಿಕೊಂಡವರು, ಫಿಟ್ಸ್ ಬರುವವರು, ಗರ್ಭಿಣಿಯರು ಮಣಿಕಟ್ಟಿನ ಪಟ್ಟಿಯನ್ನೂ ಬಳಸುವಂತಿಲ್ಲ. ತಲೆಯಲ್ಲಿ ಲೋಹದ ಕ್ಲಿಪ್ಪೋ ಚೂರೋ ಇರುವವರು ಟಿಎಂಎಸ್ ಹತ್ತಿರ ಹೋಗಬಾರದು.

ಎಲ್ಲಕ್ಕಿಂತ ಮುಂಚೆ ನಡುಕದ ಕಾರಣ ಗೊತ್ತಾಗಬೇಕು. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗುತ್ತದೆ. ಆಸ್ತಮಾಕ್ಕೆ ತೆಗೆದುಕೊಳ್ಳುವ ಸಾಲ್ಬುಟಮಾಲ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ಮನೋರೋಗಕ್ಕೆ ಕೊಡುವ ಲಿಥಿಯಂ, ಇವೂ ನಡುಕ ತರಬಲ್ಲವು. ಅಲ್ಲಿ ಬೇಕಾದದ್ದು ರಕ್ತಪರೀಕ್ಷೆ ಅಥವಾ ಔಷಧದ ಬದಲಾವಣೆ, ಪಟ್ಟಿ ಅಲ್ಲ. ಔಷಧವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಸ್ವಲ್ಪ ಮದ್ಯ ಕುಡಿದರೆ ಎಸೆನ್ಷಿಯಲ್ ಟ್ರೆಮರ್ ಕೆಲ ಹೊತ್ತು ತಗ್ಗುವುದುಂಟು. ವೈದ್ಯರು ರೋಗ ಗುರುತಿಸಲು ಇದನ್ನು ಕೇಳುತ್ತಾರೆ. ಅದನ್ನೇ ಚಿಕಿತ್ಸೆ ಮಾಡಿಕೊಂಡವರ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನರವೈದ್ಯರ ಹತ್ತಿರ ಹೋಗುವಾಗ ಒಂದೆರಡು ತಯಾರಿ ಮಾಡಿಕೊಂಡರೆ ತುಂಬ ಸಹಾಯ. ಒಂದು ಹಾಳೆಯ ಮೇಲೆ, ಕೈಯನ್ನು ಮೇಜಿಗೆ ಒರಗಿಸದೆ, ನಡುವಿನಿಂದ ಹೊರಕ್ಕೆ ಸುರುಳಿ ಗೆರೆ ಎಳೆಯಿರಿ. ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು. ಕೆಳಗೆ ತಾರೀಕು, ಹೊತ್ತು, ಯಾವ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು ಎಂದು ಬರೆಯಿರಿ. ಕೈ ತೊಡೆಯ ಮೇಲಿದ್ದಾಗ ಮತ್ತು ಲೋಟ ಎತ್ತುವಾಗ, ಎರಡನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಪಟ್ಟಿಯ ಮಾತು ಬಂದರೆ, ಹಾಕುವ ಮುಂಚಿನ ಸುರುಳಿ, ತೆಗೆದ ಮೇಲಿನ ಸುರುಳಿ, ಒಂದು ಗಂಟೆ ಬಿಟ್ಟು ಎಳೆದ ಸುರುಳಿ ಪಕ್ಕಪಕ್ಕ ಇಟ್ಟು ನೋಡಿ. ಕೊಳ್ಳುವ ಮುಂಚೆ ಕೆಲವು ವಾರ ಬಳಸಿ ಹಿಂತಿರುಗಿಸಲು ಬಿಡುತ್ತಾರೆಯೇ ಎಂದು ಕೇಳಿ. ಎರಡೂ ಕೈ ನಡುಗುವವರು ಯಾವ ಕೈಯಲ್ಲಿ ಊಟ, ಯಾವ ಕೈಯಲ್ಲಿ ಬರವಣಿಗೆ ಎಂದು ಯೋಚಿಸಿ ಒಂದನ್ನು ಆರಿಸಬೇಕಾಗುತ್ತದೆ. ತಲೆ ಮತ್ತು ದನಿಯ ನಡುಕಕ್ಕೆಂದು ಅದನ್ನು ಮಾಡಿಲ್ಲ. ಪಾರ್ಕಿನ್ಸನ್ಸ್ ಇರುವವರಲ್ಲಿ ಅದು ಬಿಗಿತವನ್ನಾಗಲಿ ನಡಿಗೆಯ ತೊಡಕನ್ನಾಗಲಿ ಬಿಡಿಸುವುದಿಲ್ಲ, ಕಾಯಿಲೆಯ ಓಟವನ್ನೂ ತಡೆಯುವುದಿಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಗಳು ಪಟ್ಟಿಯ ಜೊತೆಗೂ ಮುಂದುವರಿಯಬೇಕು.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.